ಡಿಸೆಂಬರ್‌ನಲ್ಲಿ ಸೀಟು, ಜುಲೈನಲ್ಲಿ ವೀಸಾ

ಅಮೆರಿಕದ ಪೂರ್ವ ತೀರದ ಒಂದು ವಿಶ್ವವಿದ್ಯಾಲಯ ಡಿಸೆಂಬರ್ ಮಧ್ಯದ ಯಾವುದೋ ದಿನ ಸಂಜೆ ಏಳಕ್ಕೆ ಪ್ರವೇಶದ ಫಲಿತಾಂಶ ಬಿಡುತ್ತದೆ ಎಂದಿಟ್ಟುಕೊಳ್ಳಿ. ಜೊಯಿಡಾದಲ್ಲಿ ಆಗ ಮರುದಿನ ಬೆಳಗಿನ ಐದೂವರೆ. ಕಾಳಿ ಕಣಿವೆಯ ಮೇಲೆ ಇನ್ನೂ ಮಂಜು. ಊರಿನಲ್ಲಿ ಮೊಬೈಲ್ ಸಿಗ್ನಲ್ ಇದ್ದರೆ ಅದೃಷ್ಟ. ಅಣಶಿ, ಡಿಗ್ಗಿ, ಕುಂಬಾರವಾಡ ಕಡೆಯ ಒಳಹಳ್ಳಿಯಾದರೆ ಗುಡ್ಡ ಹತ್ತಿ ಫೋನು ಎತ್ತಿ ಹಿಡಿಯಬೇಕು. ಕೊರೊನಾ ಕಾಲದಲ್ಲಿ ಉತ್ತರ ಕನ್ನಡದ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತ ಫೋಟೊಗಳನ್ನು ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ.

ಆ ಹೊತ್ತಿಗೆ ಪೋರ್ಟಲ್ ತೆರೆದು ಕೂರುವ ವಿದ್ಯಾರ್ಥಿಗಳು ಬೆಂಗಳೂರು, ಮುಂಬೈಗಳಲ್ಲಿ ಸಾಕಷ್ಟಿದ್ದಾರೆ. ಜೊಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡಗಳಲ್ಲಿ ಅಂಥವರು ಅಪರೂಪ. ಹಾಗೆಂದು ಈ ನಾಲ್ಕು ತಾಲ್ಲೂಕುಗಳಿಂದ ಯಾರೂ ಹೊರದೇಶಕ್ಕೆ ಓದಲು ಹೋಗುವುದಿಲ್ಲವೆಂದಲ್ಲ. ಹೋಗುತ್ತಾರೆ. ಅವರ ಕಾಯುವಿಕೆಯ ಕ್ಯಾಲೆಂಡರ್ ಬೇರೆ, ಅವರು ನಿಲ್ಲುವ ಸಾಲುಗಳೂ ಬೇರೆ. ವಿಶ್ವವಿದ್ಯಾಲಯದ ಉತ್ತರ ಆ ಸಾಲುಗಳಲ್ಲಿ ಒಂದು ಮಾತ್ರ, ಅದೂ ಬಹುಶಃ ಅತಿ ಚಿಕ್ಕದು.

ಮೊದಲು ಈ ಬೇಗನೆ ಬರುವ ಉತ್ತರದ ಸಂಗತಿ. ಅಮೆರಿಕದ ಪದವಿ ಕಾಲೇಜುಗಳಲ್ಲಿ ಅರ್ಜಿ ಹಾಕಲು ಸಾಮಾನ್ಯವಾಗಿ ಎರಡು ಹಂಗಾಮು. ಒಂದರ ಕೊನೆಯ ದಿನ ನವೆಂಬರ್ 1 ಅಥವಾ 15, ಉತ್ತರ ಡಿಸೆಂಬರ್‌ನಲ್ಲಿ. ಇನ್ನೊಂದರದು ಜನವರಿ ಮೊದಲ ವಾರ, ಉತ್ತರ ಮಾರ್ಚ್ ಕೊನೆಗೆ. ಮೊದಲ ಹಂಗಾಮಿನಲ್ಲೂ ಎರಡು ಬಗೆ. ‘ಅರ್ಲಿ ಡಿಸಿಷನ್’ ಅಂದರೆ ಮಾತು ಕೊಟ್ಟಂತೆ: ಒಂದೇ ಕಾಲೇಜಿಗೆ ಹಾಗೆ ಅರ್ಜಿ ಹಾಕಬೇಕು, ಸೀಟು ಸಿಕ್ಕರೆ ಅಲ್ಲಿಗೇ ಹೋಗಬೇಕು, ಉಳಿದ ಅರ್ಜಿಗಳನ್ನು ವಾಪಸ್ ಪಡೆಯಬೇಕು. ‘ಅರ್ಲಿ ಆ್ಯಕ್ಷನ್’‌ನಲ್ಲಿ ಆ ಕಟ್ಟಿಲ್ಲ. ಉತ್ತರ ಬೇಗ ಬರುತ್ತದೆ, ತೀರ್ಮಾನಕ್ಕೆ ಮೇ 1ರವರೆಗೆ ಸಮಯವಿರುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳದು ಎರಡರ ನಡುವಿನ ದಾರಿ. ಅಲ್ಲಿ ಕಟ್ಟಿಲ್ಲ, ಆದರೆ ಅದೇ ಹೊತ್ತಿಗೆ ಇನ್ನೊಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಬೇಗನೆ ಅರ್ಜಿ ಹಾಕುವಂತಿಲ್ಲ.

ಸಿಇಟಿ ಕೌನ್ಸೆಲಿಂಗ್ ಕಂಡ ಕರ್ನಾಟಕದ ತಂದೆತಾಯಿಗೆ ಇದನ್ನು ಬಿಡಿಸಿ ಹೇಳುವುದು ಕಷ್ಟವಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ಮೇಲೆ ನಾಲ್ಕು ಚಾಯ್ಸ್ ಕೊಡುತ್ತದೆ. ಚಾಯ್ಸ್ 1 ಒತ್ತಿದರೆ ಮುಗಿಯಿತು, ಫೀ ಕಟ್ಟಿ ಕಾಲೇಜಿಗೆ ಸೇರಬೇಕು. ಚಾಯ್ಸ್ 2 ಒತ್ತಿದವರು ಸಿಕ್ಕಿದ್ದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೂ ಕಾಯಬಹುದು. ಚಾಯ್ಸ್ 3 ಅಂದರೆ ಇದು ಬೇಡ, ಮುಂದೆ ನೋಡೋಣ. ಚಾಯ್ಸ್ 4 ಅಂದರೆ ಆಟದಿಂದಲೇ ಹೊರಗೆ. ಅರ್ಲಿ ಡಿಸಿಷನ್ ಎಂದರೆ ಯಾವ ಸೀಟೂ ಕಣ್ಣಿಗೆ ಬೀಳುವ ಮೊದಲೇ, ಫೀ ಎಷ್ಟೆಂದು ಪೂರ್ತಿ ಗೊತ್ತಾಗುವ ಮೊದಲೇ, ಚಾಯ್ಸ್ 1ಕ್ಕೆ ಸಹಿ ಹಾಕಿಕೊಡುವುದು.

ಕಟ್ಟಿರಲಿ, ಇಲ್ಲದಿರಲಿ, ಬೇಗ ಅರ್ಜಿ ಹಾಕಿದವರಿಗೆ ಲಾಭವೇನೋ ಇದೆ. ಹಾರ್ವರ್ಡ್‌ನಲ್ಲಿ 2028ರಲ್ಲಿ ಪದವಿ ಮುಗಿಸಲಿರುವ ತಂಡಕ್ಕೆ ಬೇಗನೆ ಅರ್ಜಿ ಹಾಕಿದ್ದ 7,921 ಮಂದಿಯಲ್ಲಿ 692 ಮಂದಿ ಆಯ್ಕೆಯಾದರು, ಶೇ 8.7. ಎಲ್ಲ ಅರ್ಜಿಗಳನ್ನೂ ಸೇರಿಸಿ ನೋಡಿದರೆ 54,008 ಮಂದಿಯಲ್ಲಿ 1,937, ಶೇ 3.6. ಬೇಗ ಅರ್ಜಿ ಹಾಕುವವರು ಮೊದಲೇ ಹೆಚ್ಚು ಸಿದ್ಧರಾದವರು, ಆದ್ದರಿಂದ ಈ ಅಂತರವನ್ನು ಇದ್ದಹಾಗೇ ನಂಬಬಾರದು ಎಂಬ ಮಾತಿದೆ. ಕ್ರಿಸ್ಟೋಫರ್ ಏವರಿ, ಆ್ಯಂಡ್ರ್ಯೂ ಫೇರ್‌ಬ್ಯಾಂಕ್ಸ್, ರಿಚರ್ಡ್ ಝೆಕ್‌ಹೌಸರ್ ಎಂಬ ಮೂವರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಆ ಅನುಮಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಅವರ ಪ್ರಕಾರ ಬೇಗ ಅರ್ಜಿ ಹಾಕುವುದು ಎಸ್‌ಎಟಿ ಪರೀಕ್ಷೆಯಲ್ಲಿ ಸುಮಾರು ನೂರು ಅಂಕ ಹೆಚ್ಚು ಪಡೆದುದಕ್ಕೆ ಸಮ. ಕಾಲೇಜುಗಳಿಗೂ ಇದು ಬೇಕು: ಅರ್ಲಿ ಡಿಸಿಷನ್‌ನಲ್ಲಿ ಕರೆದವರೆಲ್ಲ ಬಂದೇ ಬರುತ್ತಾರೆ, ತರಗತಿ ತುಂಬುತ್ತದೆ, ರ‍್ಯಾಂಕಿಂಗ್ ಚೆನ್ನಾಗಿ ಕಾಣುತ್ತದೆ.

ಬಡವರಿಗೆ ಅನ್ಯಾಯವಾಗುತ್ತದೆಂದು ಹಾರ್ವರ್ಡ್, ಪ್ರಿನ್ಸ್‌ಟನ್ 2006ರಲ್ಲಿ ಬೇಗನೆ ಅರ್ಜಿ ಪಡೆಯುವ ಪದ್ಧತಿ ಕೈಬಿಟ್ಟಿದ್ದವು. ಉಳಿದವರಲ್ಲಿ ಹೆಚ್ಚಿನವರು ಬಿಡಲಿಲ್ಲ. 2011ರಲ್ಲಿ ಎರಡೂ ಮತ್ತೆ ಹಳೆಯ ದಾರಿಗೇ ಬಂದವು. 2025ರ ಆಗಸ್ಟ್‌ನಲ್ಲಿ ಅರ್ಲಿ ಡಿಸಿಷನ್ ಎಂಬುದೇ ಕಾಲೇಜುಗಳ ಒಳಒಪ್ಪಂದ, ಇದರಿಂದ ಫೀ ಏರುತ್ತದೆ ಎಂದು 32 ಕಾಲೇಜುಗಳ ಮೇಲೆ ಮ್ಯಾಸಚುಸೆಟ್ಸ್‌ನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಬಿತ್ತು. ತಗಾದೆಯ ತಿರುಳು ಸರಳ. ಬೇಗ ನಿರ್ಧರಿಸಬಲ್ಲವನು ದುಡ್ಡಿನ ಚಿಂತೆ ಇಲ್ಲದವನು. ನಾಲ್ಕು ಕಡೆ ಸ್ಕಾಲರ್‌ಶಿಪ್ ಎಷ್ಟು ಸಿಗುತ್ತದೆಂದು ತೂಗಿ ನೋಡಬೇಕಾದವನು ಮಾರ್ಚ್‌ವರೆಗೆ ಕಾಯಲೇಬೇಕು.

ಈಗ ಈ ಅರ್ಜಿಯನ್ನು ಜೊಯಿಡಾದ ಒಂದು ಪದವಿಪೂರ್ವ ಕಾಲೇಜಿಗೆ ತಂದು ನೋಡೋಣ. ಅರ್ಜಿ ಮೊದಲು ಕೇಳುವುದು ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ನಾಲ್ಕು ವರ್ಷದ ಅಂಕಗಳನ್ನು, ಶಾಲೆಯ ಮೊಹರಿನೊಂದಿಗೆ. ನಮ್ಮಲ್ಲಿ ಒಂಬತ್ತು, ಹತ್ತು ಒಂದು ಪ್ರೌಢಶಾಲೆಯಲ್ಲಿ. ಪಿಯು ಇನ್ನೊಂದು ಕಡೆ. ಒಂಬತ್ತನೆಯ ತರಗತಿಯ ಅಂಕ ಯಾರಿಗೆ ಬೇಕಿತ್ತು? ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಬಂದ ಮೇಲೆ ಅದನ್ನು ಕೇಳುವವರೇ ಇಲ್ಲ. ಎರಡನೆಯದಾಗಿ, ಕೌನ್ಸೆಲರ್ ಬರೆದ ಪತ್ರ. ಹಳ್ಳಿಯ ಕಾಲೇಜಿನಲ್ಲಿ ಅಂಥ ಹುದ್ದೆಯೇ ಇಲ್ಲ. ಪ್ರಿನ್ಸಿಪಾಲರೇ ಉಪನ್ಯಾಸಕರು, ಅವರೇ ಚುನಾವಣಾ ಕೆಲಸದಂಥ ತಾಪತ್ರಯಗಳ ಹಳೆಯ ಪರಿಚಯಸ್ಥರು. ಮೂರನೆಯದು ಎಲ್ಲಕ್ಕಿಂತ ತೊಡಕಿನದು: ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್‌ನಲ್ಲಿ, ಫಲಿತಾಂಶ ಏಪ್ರಿಲ್‌ನಲ್ಲಿ. ಅರ್ಜಿಯೋ ನವೆಂಬರ್‌ನಲ್ಲಿ. ಹಾಗಾಗಿ ಈ ವಿದ್ಯಾರ್ಥಿಗೆ ಇಷ್ಟು ಅಂಕ ಬರುತ್ತದೆ ಎಂದು ಕಾಲೇಜು ಮುಂಚಿತವಾಗಿ ಅಂದಾಜು ಬರೆದುಕೊಡಬೇಕು. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳಿಗೆ ಇದು ಪ್ರತಿವರ್ಷದ ಕೆಲಸ. ಸರ್ಕಾರಿ ಪಿಯು ಕಾಲೇಜಿನ ಪ್ರಿನ್ಸಿಪಾಲರು, ಬರದ ಅಂಕಕ್ಕೆ ಸಹಿ ಹಾಕುವುದು ಹೇಗೆ ಎಂದು ಹಿಂಜರಿದರೆ ಅವರದೇನು ತಪ್ಪು?

ಇದರ ಮೇಲೆ ಅರ್ಜಿ ಶುಲ್ಕ, ಹಲವು ಕಡೆ 75ರಿಂದ 90 ಡಾಲರ್. ಕಷ್ಟದಲ್ಲಿರುವವರಿಗೆ ಮಾಫಿ ಇದೆ. ಆದರೆ ಮಾಫಿ ಇದೆಯೆಂದು ಹೇಳುವವರೂ ಕೌನ್ಸೆಲರೇ.

ವಿಚಿತ್ರವೆಂದರೆ, ಎಲ್ಲಕ್ಕಿಂತ ದುಬಾರಿ ಎನ್ನಿಸಿಕೊಂಡ ಕೆಲವು ವಿಶ್ವವಿದ್ಯಾಲಯಗಳೇ ಬಡ ವಿದ್ಯಾರ್ಥಿಗೆ ಅಗ್ಗವಾಗಬಲ್ಲವು. ಎಂಐಟಿ, ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಆ್ಯಮ್‌ಹರ್ಸ್ಟ್‌ಗಳು ವಿದೇಶಿ ವಿದ್ಯಾರ್ಥಿಯ ಅರ್ಜಿ ನೋಡುವಾಗಲೂ ಅವರ ಮನೆಯ ದುಡ್ಡನ್ನು ಲೆಕ್ಕಿಸುವುದಿಲ್ಲ. ಆಯ್ಕೆಯಾದರೆ ಮನೆಯವರಿಂದ ಆಗದಷ್ಟನ್ನು ತಾವೇ ತುಂಬುತ್ತವೆ. 2022ರಲ್ಲಿ ಡಾರ್ಟ್‌ಮತ್, ಬೋಡನ್ ಕಾಲೇಜುಗಳೂ ಈ ಸಾಲಿಗೆ ಸೇರಿದವು. ಗುಂದದ ಅಡಿಕೆ ತೋಟದ ಮನೆಗೋ ದಾಂಡೇಲಿಯ ಕಾಗದ ಕಾರ್ಖಾನೆಯ ಕಾರ್ಮಿಕನ ಮನೆಗೋ ಈ ಒಂದು ವಿಷಯ ತಲುಪಿದ್ದರೆ ಎಷ್ಟೋ ಲೆಕ್ಕ ಬದಲಾಗಬಹುದಿತ್ತು. ಇಂಥ ಮಾಹಿತಿ ಘಟ್ಟ ಹತ್ತುವುದು ನಿಧಾನ.

ಹಾಗಾದರೆ ಇಲ್ಲಿಂದ ಯಾರು ಹೋಗುತ್ತಾರೆ? ಹೆಚ್ಚಾಗಿ ಎಂಜಿನಿಯರಿಂಗ್ ಮುಗಿಸಿದವರು. ಇದು ಇಡೀ ಭಾರತದ ಕತೆಯೂ ಹೌದು. 2023–24ರಲ್ಲಿ ಅಮೆರಿಕದಲ್ಲಿದ್ದ 3,31,602 ಭಾರತೀಯ ವಿದ್ಯಾರ್ಥಿಗಳಲ್ಲಿ ಪದವಿ ಓದುತ್ತಿದ್ದವರು ಸುಮಾರು 36 ಸಾವಿರ ಮಾತ್ರ. ಸ್ನಾತಕೋತ್ತರ ಮಟ್ಟದವರು ಸುಮಾರು 1.97 ಲಕ್ಷ. ಹಳಿಯಾಳದ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಕಾಲೇಜಿನಂಥ ಕಡೆ ಓದಿದವರಿಗೆ ‘ಎಂಎಸ್’ ಎಂಬುದು ಪರಿಚಿತ ದಾರಿ. ಬೆಳಗಾವಿಯ ವಿಟಿಯುನಿಂದ ಟ್ರಾನ್ಸ್‌ಕ್ರಿಪ್ಟ್, ಮೇಷ್ಟ್ರುಗಳಿಂದ ಎಲ್‌ಓಆರ್ ಎಂಬ ಶಿಫಾರಸು ಪತ್ರ, ತಾವೇ ತಿದ್ದಿ ತಿದ್ದಿ ಬರೆದ ಎಸ್‌ಓಪಿ ಎಂಬ ಉದ್ದೇಶ ಪತ್ರ, ಐಇಎಲ್‌ಟಿಎಸ್ ಅಂಕ. ಆಮೇಲೆ ‘ಅಡ್ಮಿಟ್ ಬಂತಾ, ರಿಜೆಕ್ಟ್ ಆಯ್ತಾ’ ಎಂಬ ವಾಟ್ಸ್ಆ್ಯಪ್ ಗುಂಪಿನ ತಿಂಗಳುಗಳು.

ಈಚೆಗೆ ಇವರಲ್ಲಿ ಕೆಲವರ ಕಣ್ಣು ಜರ್ಮನಿಯ ಕಡೆ ಹೊರಳಿದೆ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೋ ವಸೂಲಿ ಮಾಡುತ್ತದೆ. ಪುಕ್ಕಟೆ ಎಂದು ಹಿಗ್ಗುವ ಮೊದಲು ಎರಡು ಗೇಟು ದಾಟಬೇಕು. ಓದಿನ ದಾಖಲೆಗಳು ಅಸಲಿ ಎಂದು ದೃಢಪಡಿಸುವ ‘ಎಪಿಎಸ್’ ಪ್ರಮಾಣಪತ್ರ 2022ರ ನವೆಂಬರ್‌ನಿಂದ ಭಾರತೀಯರಿಗೆ ಕಡ್ಡಾಯ. ಜತೆಗೆ, ಒಂದು ವರ್ಷದ ಖರ್ಚಿನ 11,904 ಯೂರೋ ‘ಬ್ಲಾಕ್ಡ್ ಅಕೌಂಟ್’‌ನಲ್ಲಿ ಮುಂಗಡವಾಗಿ ಇಟ್ಟು ತೋರಿಸಬೇಕು. ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಬಹುದು. ಆ ದುಡ್ಡು ಅಡಮಾನ ಸಾಲದಿಂದ ಬರಬೇಕೆಂದರೆ ಜಮೀನಿನ ಕಾಗದ ಸರಿ ಇರಬೇಕು. ಅರಣ್ಯ ಅತಿಕ್ರಮಣ, ಹುಲಿ ಸಂರಕ್ಷಿತ ಪ್ರದೇಶ, ಮುಳುಗಡೆ ಇವೆಲ್ಲ ಒಂದರ ಮೇಲೊಂದು ಬಿದ್ದಿರುವ ಜೊಯಿಡಾದಲ್ಲಿ ಸ್ವಚ್ಛ ಪಹಣಿ ಇರುವ ಮನೆಗಳು ಎಷ್ಟು? ತಾಲ್ಲೂಕಿನ ಹಳೆಯ ಕೇಂದ್ರ ಸೂಪಾ, ಕಾಳಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನಡಿ ಹೋಯಿತು. ಹಿರಿಯರ ಕಾಗದಗಳಲ್ಲಿ ಸೂಪಾ, ಮಕ್ಕಳದರಲ್ಲಿ ಜೊಯಿಡಾ.

ಸಾಲ ಆಗದಿದ್ದರೆ ಸ್ಕಾಲರ್‌ಶಿಪ್. ಇಲ್ಲಿ ಈ ನೆಲದ ಒಂದು ಗೆರೆಯನ್ನು ನೋಡಲೇಬೇಕು. ಹಳಿಯಾಳ, ಮುಂಡಗೋಡ, ಜೊಯಿಡಾ, ಯಲ್ಲಾಪುರಗಳ ಸಿದ್ದಿಗಳು, ಆಫ್ರಿಕ ಮೂಲದ ಈ ಸಮುದಾಯ, 2003ರಲ್ಲಿ ಉತ್ತರ ಕನ್ನಡದ ಮಟ್ಟಿಗೆ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಅದಕ್ಕೆ 2020ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಹಳಿಯಾಳದ ಗಡಿ ದಾಟಿದರೆ ಬಂಧುವಿಗೆ ಬೇರೆ ಸರ್ಟಿಫಿಕೇಟ್ ಇತ್ತು. ಗಡಿಯ ಇನ್ನೊಂದು ಬದಿಗೆ ನೋಡಿ: ಗೋವಾದ ಕುಣಬಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದೂ 2003ರಲ್ಲೇ. ಜೊಯಿಡಾದ ಕುಣಬಿಗಳು ಅದೇ ಕೊಂಕಣಿ ಆಡುತ್ತಾ, ಅದೇ ಗೆಡ್ಡೆ-ಗೆಣಸು ಬೆಳೆಯುತ್ತಾ, ಆ ಬೇಡಿಕೆಗಾಗಿ ಪಾದಯಾತ್ರೆ, ಧರಣಿ ಮಾಡುತ್ತಲೇ ಇದ್ದಾರೆ. ಕ್ಯಾಸಲ್‌ರಾಕ್‌ನಿಂದ ರೈಲಿನಲ್ಲಿ ಘಟ್ಟ ಇಳಿದರೆ ಸಿಗುವ ಹಕ್ಕು ಘಟ್ಟದ ಮೇಲೆ ಸಿಗದು.

ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಈ ಗೆರೆ ನೇರವಾಗಿ ತಾಗುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 20 ಜಾಗ, ಅದರಲ್ಲಿ 3 ವಿಶೇಷ ದುರ್ಬಲ ಬುಡಕಟ್ಟುಗಳಿಗೆ. ಕುಟುಂಬದ ಆದಾಯ 6 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35 ದಾಟಬಾರದು. ಸ್ನಾತಕೋತ್ತರ, ಪಿಎಚ್‌.ಡಿ, ಆಮೇಲಿನ ಸಂಶೋಧನೆಗೆ ಮಾತ್ರ ಇದು; ಪಿಯು ಮುಗಿಸಿ ಪದವಿಗೆ ಹೊರಡುವವರಿಗೆ ಇಲ್ಲ. ಪದವಿಯ ಆಸೆಯಿದ್ದ ಪರಿಶಿಷ್ಟ ವಿದ್ಯಾರ್ಥಿಗಳು ಬೇರೆ ಬಾಗಿಲು ತಟ್ಟಬೇಕು. ಸಿದ್ದಿಗಳ ಮೊದಲ ಪದವೀಧರರೆಂದು ಗುರುತಿಸಲಾಗುವ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಪದವೀಧರ ತಲೆಮಾರು ಎಂಬುದೇ ಇಷ್ಟು ಹೊಸತಾಗಿರುವಲ್ಲಿ, ಹೊರದೇಶದ ಸ್ನಾತಕೋತ್ತರಕ್ಕೆ ಮಾತ್ರ ಮೀಸಲಾದ ಹಣ ತಲುಪುವುದು ಎಷ್ಟು ಜನರಿಗೆ?

ಆಯ್ಕೆಯಾದರೂ ನೆಮ್ಮದಿ ಖಾತ್ರಿಯಲ್ಲ. ಪರಿಶಿಷ್ಟ ಜಾತಿ ಮುಂತಾದವರಿಗಾಗಿ ಸಾಮಾಜಿಕ ನ್ಯಾಯ ಸಚಿವಾಲಯ ನಡೆಸುವ ಇದೇ ಹೆಸರಿನ ಇನ್ನೊಂದು ಯೋಜನೆಯಲ್ಲಿ 2025ರ ಜುಲೈನಲ್ಲಿ 106 ಮಂದಿಯ ಆಯ್ಕೆ ಪಟ್ಟಿ ಬಂತು. ತಾತ್ಕಾಲಿಕ ಪತ್ರ ಸಿಗುವುದು ಮೊದಲ 40 ಮಂದಿಗೆ, ಉಳಿದ 66 ಮಂದಿಗೆ ಹಣದ ಲಭ್ಯತೆ ನೋಡಿಕೊಂಡು, ಎಂದು ಅದರಲ್ಲಿತ್ತು. ಆ ತಿಂಗಳಲ್ಲಿ ಅಮೆರಿಕ, ಬ್ರಿಟನ್ನಿನ ತರಗತಿಗಳು ಶುರುವಾಗಲು ಉಳಿದಿದ್ದುದು ಕೆಲವೇ ವಾರ. ವಿಶ್ವವಿದ್ಯಾಲಯ ಹೂಂ ಎಂದಿದೆ, ಸರ್ಕಾರವೂ ಹೂಂ ಎಂದಿದೆ, ಖಜಾನೆ ಇನ್ನೂ ಬಾಯಿ ಬಿಟ್ಟಿಲ್ಲ.

ಇದೇ ನಾಲ್ಕು ತಾಲ್ಲೂಕುಗಳಲ್ಲಿ ಒಂದು ಸಮುದಾಯ ಮಾತ್ರ ಈ ಸರದಿಯನ್ನೇ ತಿರುವಿ ಹಾಕಿದೆ. ಮುಂಡಗೋಡದ ಟಿಬೆಟಿಯನ್ ಕಾಲೊನಿ, ಅವರ ಬಾಯಲ್ಲಿ ದೊಗುಲಿಂಗ್, ಶುರುವಾದದ್ದು 1966ರಲ್ಲಿ. ಆಗಿನ ಮೈಸೂರು ರಾಜ್ಯ ಕೊಟ್ಟ ಕಾಡುಭೂಮಿಯಲ್ಲಿ ಕ್ಯಾಂಪ್‌ಗಳಾಗಿ ಬೆಳೆದ ಊರು ಅದು. ಮೆಕ್ಕೆಜೋಳ, ಭತ್ತ ಬೆಳೆಯುವವರ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ, ಸಿಬಿಎಸ್‌ಇ ಪಠ್ಯದಲ್ಲಿ ಓದಿದರು. ಒಂಬತ್ತರಿಂದ ಹನ್ನೆರಡರವರೆಗಿನ ಅಂಕಪಟ್ಟಿಗೆ ಎರಡು ಕಡೆ ಅಲೆಯಬೇಕಿಲ್ಲ. ವೃತ್ತಿ ಮಾರ್ಗದರ್ಶನಕ್ಕೆಂದೇ ಧರ್ಮಶಾಲಾದಲ್ಲಿರುವ ದೇಶಭ್ರಷ್ಟ ಟಿಬೆಟಿಯನ್ ಆಡಳಿತದ ಶಿಕ್ಷಣ ಇಲಾಖೆ ಜನರನ್ನು ತರಬೇತಿ ಮಾಡಿದೆ.

1988ರಲ್ಲಿ ಅಮೆರಿಕದ ಸಂಸತ್ತಿನ ನೆರವಿನಿಂದ ಟಿಬೆಟಿಯನ್ ಸ್ಕಾಲರ್‌ಶಿಪ್ ಯೋಜನೆ ಆರಂಭವಾಯಿತು. ನ್ಯೂಯಾರ್ಕ್‌ನ ಟಿಬೆಟ್ ಫಂಡ್ ಅದನ್ನು ನೋಡಿಕೊಳ್ಳುತ್ತದೆ. ಇಲ್ಲಿ ಮೊದಲು ಸಮುದಾಯದೊಳಗೆ ಆಯ್ಕೆ, ಹಣದ ಖಾತ್ರಿ. ವಿಶ್ವವಿದ್ಯಾಲಯದ ಹುಡುಕಾಟ ಅದರ ಬೆನ್ನಿಗೆ. ಡಾರ್ಜಿಲಿಂಗ್ ಕಡೆಯ ಲೋಬ್‌ಸಾಂಗ್ ಸಾಂಗೆ 1995ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಹಾರ್ವರ್ಡ್ ಕಾನೂನು ಶಾಲೆಗೆ ಹೋದರು. 2011ರಲ್ಲಿ ದೇಶಭ್ರಷ್ಟ ಟಿಬೆಟಿಯನ್ ಆಡಳಿತದ ಮುಖ್ಯಸ್ಥರಾಗಿ ಆಯ್ಕೆಯಾಗಿ ಧರ್ಮಶಾಲಾಕ್ಕೆ ಬಂದರು. ಕಲಿತವರು ಮರಳಿ ಬರಬೇಕೆಂಬುದು ಈ ಏರ್ಪಾಡಿನ ಆಶಯ. ಎಲ್ಲರೂ ಬರುತ್ತಾರೆಂದಲ್ಲ. ಕಾಲೊನಿಯಲ್ಲಿ ತರುಣರು ಕಡಿಮೆಯಾಗುತ್ತಿರುವುದು ಮುಂಡಗೋಡದ ಪೇಟೆಯವರಿಗೂ ಗೊತ್ತು.

ಅರ್ಜಿಯ ಹಂಗಾಮು ಮತ್ತು ಇವರ ಬದುಕಿನ ಹಂಗಾಮು ಮಾತ್ರ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ. ನವೆಂಬರ್, ಡಿಸೆಂಬರ್ ಅಂದರೆ ಸ್ವೆಟರ್ ವ್ಯಾಪಾರದ ಕಾಲ. ಅಪ್ಪ-ಅಮ್ಮ ಊರೂರಿನ ಬೀದಿಗಳಲ್ಲಿ ಟೆಂಟ್ ಹಾಕಿ ಕೂತಿರುತ್ತಾರೆ. ಆದಾಯದ ವಿವರ ತುಂಬಬೇಕಾದ ಫಾರ್ಮು ಫೋನಿನಲ್ಲಿ ಕೇಳಿ ಕೇಳಿ ತುಂಬಬೇಕು. ಆದಾಯವೋ, ಆ ವರ್ಷ ಚಳಿ ಎಷ್ಟು ಬಿತ್ತು ಎಂಬುದರ ಮೇಲೆ.

ಇವರ ನಿಜವಾದ ಕಾಯುವಿಕೆ ಪಾಸ್‌ಪೋರ್ಟಿನದು. ಬಹುತೇಕ ಟಿಬೆಟಿಯನ್ನರ ಬಳಿ ಇರುವುದು ಭಾರತ ಸರ್ಕಾರ ಕೊಡುವ ಹಳದಿ ಹೊದಿಕೆಯ ಐಸಿ, ಅಂದರೆ ಗುರುತಿನ ಪ್ರಮಾಣಪತ್ರ. ಜತೆಗೆ ಕಾಲಕಾಲಕ್ಕೆ ನವೀಕರಿಸಬೇಕಾದ ಆರ್‌ಸಿ, ಅಂದರೆ ನೋಂದಣಿ ಪ್ರಮಾಣಪತ್ರ. ದೇಶ ಬಿಡಲು ಪರವಾನಗಿ ಬೇಕು, ಮರಳಿ ಬರಲು ಆಕ್ಷೇಪವಿಲ್ಲವೆಂಬ ‘ನೋರಿ’ ಮುದ್ರೆ ಬೇಕು. ವಿಮಾನ ನಿಲ್ದಾಣದ ಕೌಂಟರಿನಲ್ಲಿ ಆ ಹಳದಿ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡುವ ಅಧಿಕಾರಿ ಎದುರಾಗದ ಟಿಬೆಟಿಯನ್ ವಿದ್ಯಾರ್ಥಿ ಇರಲಾರರು.

ಈ ವಿಷಯದಲ್ಲಿ ಮುಂಡಗೋಡಕ್ಕೆ ನೇರ ನಂಟಿರುವ ಒಂದು ತೀರ್ಪಿದೆ. ಡ್ರೆಪುಂಗ್ ಲೋಸೆಲಿಂಗ್ ಮಠದ ಲಿಂಗ್ ರಿಂಪೋಚೆ ಭಾರತದಲ್ಲಿ, 1985ರಲ್ಲಿ ಹುಟ್ಟಿದವರು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಪೌರತ್ವ ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಪ್ರಜೆಗಳು, ಹಾಗಾಗಿ ತನಗೆ ಪಾಸ್‌ಪೋರ್ಟ್ ಕೊಡಬೇಕು ಎಂದು ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. 2013ರ ಆಗಸ್ಟ್‌ನಲ್ಲಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ದೆಹಲಿ ಹೈಕೋರ್ಟ್ ನಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ 2010ರಲ್ಲೇ ಇಂಥ ತೀರ್ಪು ಕೊಟ್ಟಿತ್ತು. ಈಗ ಹನ್ನೆರಡನೇ ತರಗತಿಯಲ್ಲಿ ಕೂತಿರುವ ಹುಡುಗಿಗೆ ಆ ದಿನಾಂಕ ನೇರವಾಗಿ ಒದಗುವುದಿಲ್ಲ; ಅವಳ ತಂದೆ ಎಲ್ಲಿ ಯಾವಾಗ ಹುಟ್ಟಿದರು, ತಾಯಿ ಎಲ್ಲಿ ಯಾವಾಗ ಹುಟ್ಟಿದರು, ಅದಕ್ಕೆ ಕಾಗದ ಇದೆಯೇ ಎಂಬಲ್ಲಿಗೆ ಪ್ರಶ್ನೆ ಹೋಗುತ್ತದೆ.

ಪಾಸ್‌ಪೋರ್ಟ್ ಇದ್ದವರಿಗೂ ಬೇಸಿಗೆ ಸುಲಭದ್ದಲ್ಲ. ಸೀಟು ಸಿಕ್ಕ ಮೇಲೆ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕಳಿಸುತ್ತದೆ, 350 ಡಾಲರ್ ಸೆವಿಸ್ ಶುಲ್ಕ ಕಟ್ಟಬೇಕು, 185 ಡಾಲರ್ ಕಟ್ಟಿ ಎಫ್-1 ವೀಸಾಕ್ಕೆ ಸಂದರ್ಶನದ ದಿನ ಹಿಡಿಯಬೇಕು. ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ 2025ರ ಜನವರಿ 17ರಂದು ಉದ್ಘಾಟನೆಯಾದಾಗ ವೀಸಾ ಸೇವೆ ಅದರಲ್ಲಿ ಸೇರಿರಲಿಲ್ಲ. ಚೆನ್ನೈಗೋ ಹೈದರಾಬಾದ್‌ಗೋ ಹೋಗುವುದು ತಪ್ಪಲಿಲ್ಲ. ಅದೇ ವರ್ಷ ಮೇ 22ರಂದು ಹಾರ್ವರ್ಡ್‌ಗೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ಅಮೆರಿಕ ಸರ್ಕಾರ ರದ್ದುಮಾಡಿತು. ಮರುದಿನ ನ್ಯಾಯಾಲಯ ತಡೆ ಕೊಟ್ಟಿತು. ಮೇ 27ರಿಂದ ಮೂರು ವಾರ ಜಗತ್ತಿನಾದ್ಯಂತ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳ ದಿನ ನಿಗದಿ ನಿಂತುಹೋಯಿತು. ಮತ್ತೆ ಶುರುವಾದಾಗ, ಸೋಷಿಯಲ್ ಮೀಡಿಯಾ ಖಾತೆಗಳನ್ನು ಯಾರಾದರೂ ನೋಡುವಂತೆ ತೆರೆದಿಡಬೇಕೆಂಬ ಷರತ್ತು ಬಂತು. ಡಿಸೆಂಬರ್‌ನಲ್ಲೇ ಸೀಟು ಹಿಡಿದವರು, ಮಾರ್ಚ್‌ನಲ್ಲಿ ಹಿಡಿದವರು, ಎಲ್ಲರೂ ಆ ಜೂನ್‌ನಲ್ಲಿ ಒಂದೇ ಸಾಲಿನಲ್ಲಿ ನಿಂತರು.

ಈ ಮಧ್ಯದ ತಿಂಗಳುಗಳಲ್ಲಿ ಹೊರಡುವವರು ಏನು ಮಾಡುತ್ತಾರೆ? ಮುಂಡಗೋಡದ ಪಕ್ಕದ ಶಿರಸಿಯಲ್ಲಿ ಬಾಲ್ಯ ಕಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿದ ಒಬ್ಬ ತರುಣನ ಉದಾಹರಣೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಗಿರೀಶ ಕಾರ್ನಾಡರಿಗೆ ರೋಡ್ಸ್ ಸ್ಕಾಲರ್‌ಶಿಪ್ ಸಿಕ್ಕು 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೊರಡುವುದೆಂದು ಗೊತ್ತಾದಾಗ ಮನೆಯಲ್ಲಿ ಸಂಭ್ರಮದ ಜತೆಗೇ ಆತಂಕ ಎದ್ದಿತು. ಮಗ ಮರಳಿ ಬರುವನೋ ಇಲ್ಲವೋ, ಅಲ್ಲೇ ಮದುವೆಯಾಗಿಬಿಟ್ಟರೆ? ಆ ಹೊರಡುವ ಮೊದಲಿನ ವಾರಗಳಲ್ಲಿ ಅವರು ಬರೆದದ್ದು ‘ಯಯಾತಿ’. ಮಗನ ಯೌವನವನ್ನು ಕೇಳುವ ತಂದೆಯ ಕತೆ. ಇಂಗ್ಲಿಷ್ ಕವಿಯಾಗಬೇಕೆಂದಿದ್ದವರ ಕೈಯಿಂದ ಬಂದದ್ದು ನಾಟಕ, ಅದೂ ಕನ್ನಡದಲ್ಲಿ. ಅದು ಅವರಿಗೇ ಅಚ್ಚರಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ಕಾಯುವ ತಿಂಗಳುಗಳಲ್ಲಿ ಎಲ್ಲರೂ ‘ಯಯಾತಿ’ ಬರೆಯಲಿ ಎಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ವೀಸಾ ಫೈಲಿನ ಜತೆ ಮನೆಯವರ ಭಯವೂ ಬೆಳೆಯುತ್ತದೆ ಎಂಬುದು 1960ಕ್ಕೂ ಇಂದಿಗೂ ಒಂದೇ.

ತಲುಪಿದ ಮೇಲಿನ ಮೊದಲ ವಾರಗಳು ಇನ್ನೊಂದು ಬಗೆಯ ತಬ್ಬಿಬ್ಬು. ಅಮೆರಿಕದ ಕಾಲೇಜಿನಲ್ಲಿ ಯಾವ ವಿಷಯ ಓದಬೇಕೆಂದು ವಿದ್ಯಾರ್ಥಿಯೇ ಆರಿಸಬೇಕು. ಒಂದೆರಡು ವಾರ ಕೂತು ನೋಡಿ ಹಿಡಿಸದಿದ್ದರೆ ಬಿಡಬಹುದು. ವರ್ಷದ ಕೊನೆಯ ಒಂದು ಪರೀಕ್ಷೆಗೆ ಗೈಡು ಓದಿ ಅಭ್ಯಾಸವಾದವರಿಗೆ ವಾರಕ್ಕೊಂದು ಅಸೈನ್‌ಮೆಂಟ್, ತರಗತಿಯ ಚರ್ಚೆಗೂ ಅಂಕ. ಪ್ರೊಫೆಸರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. ಆಕರ ಹೇಳದೆ ಎರಡು ಸಾಲು ಎತ್ತಿ ಬರೆದರೂ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ. ನಮ್ಮಲ್ಲಿ ಅದನ್ನು ‘ರೆಫರ್ ಮಾಡಿ ಬರೆದ’ ಎನ್ನುತ್ತಾರೆ.

ಈ ತಬ್ಬಿಬ್ಬನ್ನು ಎಲ್ಲರಿಗಿಂತ ವಿಚಿತ್ರವಾಗಿ ಎದುರಿಸಿದವರು ಪ್ರಾಯಶಃ ಮುಂಡಗೋಡ, ಬೈಲಕುಪ್ಪೆಗಳ ಲಾಮಾಗಳು. ಟಿಬೆಟ್‌ನಿಂದ ಬಂದ ಭಿಕ್ಷುಗಳು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ಹತ್ತು ವರ್ಷ ಕಳೆದು, 1969ರಿಂದೀಚೆಗೆ ದಕ್ಷಿಣಕ್ಕೆ ಬಂದು ಮಹಾಮಠಗಳನ್ನು ಮತ್ತೆ ಕಟ್ಟಿದರು. ಡ್ರೆಪುಂಗ್, ಗಾಡೆನ್ ಮುಂಡಗೋಡದಲ್ಲಿ, ಸೆರಾ ಬೈಲಕುಪ್ಪೆಯಲ್ಲಿ. ಅಮೆರಿಕದ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಜತೆ 1998ರಲ್ಲಿ ನಂಟು ಬೆಳೆಯಿತು. 2006ರಲ್ಲಿ ಎಮರಿ-ಟಿಬೆಟ್ ವಿಜ್ಞಾನ ಯೋಜನೆ ಶುರುವಾಯಿತು. 2010ರಲ್ಲಿ ಆರು ಭಿಕ್ಷುಗಳ ಮೊದಲ ತಂಡ ಎಮರಿಯ ಕ್ಯಾಂಪಸ್ಸಿನಲ್ಲಿ ಹದಿನೆಂಟು-ಹತ್ತೊಂಬತ್ತರ ಹುಡುಗ ಹುಡುಗಿಯರ ಪಕ್ಕ ಕೂತು ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಕಲಿಯತೊಡಗಿತು. ಇವರಿಗೆ ಓದು ಹೊಸತಲ್ಲ. ಮಠದಲ್ಲಿ ಗೆಶೆ ಲ್ಹರಂಪ ಪದವಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬೇಕು. ಅಂಗಳದಲ್ಲಿ ಒಬ್ಬ ಕೂತು ಉತ್ತರಿಸುತ್ತಿದ್ದರೆ ಇನ್ನೊಬ್ಬ ಎದುರು ನಿಂತು ಕಾಲು ಅಪ್ಪಳಿಸಿ ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಅವರಿಗೆ ಹೊಸತಾದದ್ದು ಲ್ಯಾಬು, ಗಣಿತ, ಇಂಗ್ಲಿಷು.

ಹೋದವರು ಮರಳಿ ಬಂದು ಕಲಿಸುವುದು ಇಲ್ಲಿ ಒಪ್ಪಂದದ ಭಾಗ. 2014ರಿಂದ ವಿಜ್ಞಾನ ಮೂರೂ ಮಠಗಳ ಪಠ್ಯದೊಳಗೆ ಸೇರಿದೆ; ಪುಸ್ತಕಗಳು ಒಂದು ಪುಟ ಟಿಬೆಟಿಯನ್, ಎದುರು ಪುಟ ಇಂಗ್ಲಿಷ್. 2013ರ ಜನವರಿಯಲ್ಲಿ ‘ಮೈಂಡ್ ಆ್ಯಂಡ್ ಲೈಫ್’ ಸಮ್ಮೇಳನಕ್ಕೆ ಜಗತ್ತಿನ ವಿಜ್ಞಾನಿಗಳು ಡ್ರೆಪುಂಗ್‌ಗೇ ಬಂದಿದ್ದರು. 2016ರ ಡಿಸೆಂಬರ್‌ನಲ್ಲಿ ಅದೇ ಮುಂಡಗೋಡದಲ್ಲಿ ಇಪ್ಪತ್ತು ಭಿಕ್ಷುಣಿಯರು ದಲೈ ಲಾಮಾರಿಂದ ಗೆಶೆಮಾ ಪದವಿ ಪಡೆದರು. ಶತಮಾನಗಳ ಕಾಲ ಪುರುಷರಿಗೆ ಮಾತ್ರ ಇದ್ದ ಪದವಿಯನ್ನು ಪಡೆದ ಮೊದಲ ತಂಡ ಅದು.

ಎಮರಿಯ ಅಧ್ಯಾಪಕರು ಬೇಸಿಗೆಯಲ್ಲಿ ಮುಂಡಗೋಡಕ್ಕೆ ಪಾಠ ಹೇಳಲು ಬರುತ್ತಾರೆ. ಮಠದಲ್ಲಿ ಕೆಲಕಾಲ ಇದ್ದು ಕಲಿಯಬೇಕೆಂದು ಬಯಸುವ ವಿದೇಶಿ ವಿದ್ಯಾರ್ಥಿಗಳೂ ಇದ್ದಾರೆ. ಕಾಲೊನಿಯಲ್ಲಿ ತಂಗಲು ಅವರಿಗೆ ಭಾರತೀಯ ವೀಸಾ ಸಾಲದು. ಕೇಂದ್ರ ಗೃಹ ಸಚಿವಾಲಯದಿಂದ ‘ಪಿಎಪಿ’, ಅಂದರೆ ಸಂರಕ್ಷಿತ ಪ್ರದೇಶ ಪರವಾನಗಿ ಬೇಕು. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಹಾಕಿ ಅವರೂ ಅಟ್ಲಾಂಟಾದಲ್ಲಿ ಕೂತು ದೆಹಲಿಯ ಉತ್ತರಕ್ಕೆ ಕಾಯುತ್ತಾರೆ.